ತಮಿಳು ಬೆರೆತ ಜಾವಾ ವಾದ

"ಸಾ, ಮಾದೇಶ ಹೇಳಿದ್ದು ಸರಿ ಇಲ್ಲ."

ಹಿಂದಿನ ಬೆಂಚಿನಿಂದ ಬಂದ ದನಿಗೆ ನಾನು ಬೋರ್ಡ್ ಬಿಟ್ಟು ತಿರುಗಿದೆ. ಎದ್ದು ನಿಂತವಳು ತಮಿಳುನಾಡಿನ ಗಡಿಯ ಕಡೆಯ ಮಾರ್ಟಳ್ಳಿಯ ಸೆಲ್ವಿ. ಮನೆಮಾತು ತಮಿಳು. ತನ್ನ ಕನ್ನಡಕ್ಕೆ ಯಾರಾದರೂ ನಕ್ಕಾರೆಂಬ ಅಂಜಿಕೆಯಿಂದ, ಕೊಳ್ಳೇಗಾಲದ ನಮ್ಮ ಕಾಲೇಜು ಸೇರಿದಾಗಿನಿಂದ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

ಸಾಫ್ಟ್‌ವೇರ್ ಬರೆಯಲು ಜಾವಾ ಮೇಲೋ, ಪೈಥಾನ್ ಮೇಲೋ ಎಂದು ಮಕ್ಕಳನ್ನು ಚರ್ಚೆಗೆ ಬಿಟ್ಟಿದ್ದೆ. ನಾಲ್ಕು ಸಾಲಿನಲ್ಲಿ ಕೆಲಸ ಮುಗಿಸುವ ಪೈಥಾನ್ ಇರುವಾಗ ಜಾವಾ ಯಾಕೆ ಎಂದು ಅದೇ ಗಡಿ ಕಡೆಯ ಕೌದಳ್ಳಿಯ ಮಾದೇಶ ಎಲ್ಲರ ಬಾಯಿ ಮುಚ್ಚಿಸಿದ್ದ.

"ನಾವು ಬರೆದದ್ದು ತಪ್ಪಿದ್ರೆ ಜಾವಾ ಮೊದ್ಲೇ ಹೇಳ್ತದೆ ಸಾ, ಪ್ರೋಗ್ರಾಂ ಓಡಕ್ಕೇ ಬಿಡಲ್ಲ. ಪೈಥಾನ್ ಸುಮ್ನಿದ್ದು, ಓಡ್ತಾ ಓಡ್ತಾ... ಪಾದಿಲ..." ಕನ್ನಡದ ಪದ ಸಿಗದೆ ಸೆಲ್ವಿ ತಡವರಿಸಿದಳು. ಯಾರೋ ಕಿಸಕ್ಕೆಂದರು. ಅವಳ ಕಣ್ಣು ತುಂಬಿತು. ಕೂರಲು ಬೆಂಚು ಹಿಡಿದಳು.

"ಸುಮ್ಕಿರ್ರಲಾ!" ಎಂದು ನಕ್ಕವರನ್ನು ಗದರಿದವನು ಮಾದೇಶನೇ. "ಅರ್ಧಕ್ಕೆ ನಿಂತೋಯ್ತದೆ ಅಂತ ತಾನೆ ಸೆಲ್ವಿ? ಕೂತ್ಕಬ್ಯಾಡ. ತಮಿಳಲ್ಲೇ ಯೋಳು, ನಂಗರ್ಥಾಯ್ತದೆ. ಆದ್ರೂ ನಾ ಒಪ್ಪಕಿಲ್ಲ ಕಣವ್ವ!"

ಸೆಲ್ವಿ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಕನ್ನಡ, ತಮಿಳು ಎರಡನ್ನೂ ಕಲಸಿಕೊಂಡು ವಾದಕ್ಕಿಳಿದಳು. ಬೆಲ್ ಹೊಡೆದರೂ ಇಬ್ಬರೂ ನಿಲ್ಲಿಸಲಿಲ್ಲ. ಹನೂರಿನ ಬಸ್ಸು ಹತ್ತುವವರೆಗೂ ಜಗಳವಾಡುತ್ತಲೇ ಹೋದರಂತೆ.

ಯಾವುದು ಮೇಲು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಆದರೆ ಸೆಲ್ವಿ ಈಗ ಪಾಠದ ನಡುವೆ ಧೈರ್ಯವಾಗಿ ಕೈ ಎತ್ತುತ್ತಾಳೆ. ಪದ ಸಿಗದಿದ್ದರೆ ತಮಿಳಿನಲ್ಲೇ ಮುಂದುವರಿಸುತ್ತಾಳೆ. ನನಗೆ ಅರ್ಥವಾಗದಾಗ ನಾನು ಮಾದೇಶನ ಮುಖ ನೋಡುತ್ತೇನೆ.