ಕಲ್ಲುನೆಲದ ಬಿಳಿ ವೈನು

ಮಧುಗಿರಿಯ ಈ ಬಾಡಿಗೆ ಮನೆಯನ್ನು ನೋಡಲು ಬಂದ ದಿನ ಓನರಮ್ಮ ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು: "ನಿಮ್ಮ ತಂದೆ ಏನ್ ಮಾಡ್ತಿದ್ರು?"

"ಮೇಷ್ಟ್ರಾಗಿದ್ರು" ಅಂದೆ.

ಬಾಯಿಗೆ ಬಂದದ್ದು ಅದೇ. ನಾನು ಬಡವನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಟೀಚರಿಗೆ ಮೇಷ್ಟ್ರು ಅಪ್ಪನಾಗಿದ್ದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಓನರಮ್ಮನೂ ಕೇಳಲಿಲ್ಲ. "ಒಳ್ಳೇ ಸಂಸ್ಕಾರದ ಮನೆ" ಅಂದು ಬೀಗದ ಕೈ ಕೊಟ್ಟರು.

ನಿಜ ಏನೆಂದರೆ, ನನ್ನಪ್ಪ ಹೆಂಡ ಇಳಿಸುತ್ತಿದ್ದ. ಜಯಮಂಗಲಿ ಹೊಳೆಯ ದಡದ ಈಚಲು ಮರಗಳನ್ನು ಹತ್ತಿ, ಸುಳಿಯ ಕೆಳಗೆ ಕೆತ್ತಿ, ಮಡಕೆ ಕಟ್ಟಿ, ಸೂರ್ಯ ಹುಟ್ಟುವ ಮೊದಲು ಇಳಿಸಿ ತರುತ್ತಿದ್ದ. ಸರ್ಕಾರ ಹೆಂಡ ನಿಲ್ಲಿಸುವವರೆಗೂ ಅದೇ ಅವನ ಕೆಲಸ, ಅವನಪ್ಪನದೂ ಅದೇ. ಕೊಳಾಲದ ಶಾಲೆಯಲ್ಲಿ ನಾನು ಬೆಂಚಿನ ಮೇಲೆ ಕೂತರೆ ಪಕ್ಕದವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನ್ನ ಲಂಗದಲ್ಲಿ ಯಾವ ವಾಸನೆಯೂ ಇರುತ್ತಿರಲಿಲ್ಲ. ಮನೆಗೆ ಹೋಗಿ ಎಷ್ಟು ಸಲ ಮೂಸಿ ನೋಡಿಕೊಂಡಿದ್ದೇನೋ! ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರಂತೆ. ನಾನು ಅದರ ಕೆಳಗೇ ಹುಟ್ಟಿದವಳು, ಮಜ್ಜಿಗೆಯ ಮಾತು ಯಾರು ಕೇಳುತ್ತಾರೆ? ಆ ಮುಚ್ಚಿಕೊಂಡ ಮೂಗುಗಳ ಮೇಲಿನ ಸಿಟ್ಟಿನಿಂದಲೇ ನಾನು ಇಂಗ್ಲಿಷ್ ಕಲಿತದ್ದು.

ಸುಳ್ಳಿನ ವಿಷಯ ಅಪ್ಪನಿಗೆ ಹೇಳಿದಾಗ ಅವನು ತಲೆ ಕೆರೆದುಕೊಂಡ. "ಮೇಷ್ಟ್ರಾ? ಒಳ್ಳೆ ಕತೆ ಕಣಮ್ಮ. ಆಗ್ಲಿ ಬುಡು, ನಿಂಗೆ ಮನೆ ಸಿಕ್ತಲ್ಲ" ಅಂದ. ಅಷ್ಟೇ.

ಆಮೇಲೆ ನಾಲ್ಕು ವರ್ಷ ಅಪ್ಪ ಮೇಷ್ಟ್ರಾಗಿಯೇ ಬಾಳಿದ. ನನ್ನ ಗಂಡ ಪಾವಗಡದಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ನಾನೂ ಅಪ್ಪನೂ. ಬೆಳಿಗ್ಗೆ ಅವನಿಗೆ ಬಿಳಿ ಶರ್ಟು ತೊಡಿಸಿ, ಕೈಗೆ ಪೇಪರ್ ಕೊಟ್ಟು ಜಗಲಿಯಲ್ಲಿ ಕೂರಿಸಿ ಸ್ಕೂಲಿಗೆ ಹೋಗುತ್ತಿದ್ದೆ. ಅವನಿಗೆ ಓದು ಬಾರದು, ಸಹಿ ಅಂದರೆ ಹೆಬ್ಬೆಟ್ಟು. ಚಿತ್ರ ನೋಡಿ ಪುಟ ತಿರುಗಿಸುತ್ತಿದ್ದ. ಒಮ್ಮೆ ಓನರಮ್ಮ, "ಮೇಷ್ಟ್ರೇ, ಒಂದು ಅರ್ಜಿ ಬರ್ಕೊಡಿ" ಅಂತ ಕಾಗದ ಹಿಡಿದು ಬಂದಾಗ, "ಕನ್ನಡ್ಕ ಒಡ್ದೋಗೈತೆ" ಅಂದು ತಪ್ಪಿಸಿಕೊಂಡನಂತೆ. ಅವನು ಹುಟ್ಟಿದ ಮೇಲೆ ಕನ್ನಡಕ ಹಾಕಿದವನೇ ಅಲ್ಲ. ಅದನ್ನು ಹೇಳಿಕೊಂಡು ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಆಗ ನನಗೆ ನಗು ಹೇಗೆ ಬಂತೋ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ವಾಕಿಂಗ್ ಹೋಗಿದ್ದೆ. ಕೆಳಗಿನ ಮೆಟ್ಟಿಲುಗಳ ಮೇಲೆ ಅರವತ್ತು ದಾಟಿದ ವಿದೇಶಿ ಹೆಂಗಸೊಬ್ಬರು ಪಾದ ಹಿಡಿದುಕೊಂಡು ಕೂತಿದ್ದರು. ಕಾಲು ಉಳುಕಿತ್ತು. ಪಕ್ಕದಲ್ಲಿ ಗಂಡ, ಕುಳ್ಳಗೆ, ಕೆಂಪು ಮುಖದವನು, ಏನು ಮಾಡಲೂ ತೋಚದೆ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವರ ಬಾಡಿಗೆ ಕಾರಿನಲ್ಲೇ ಇಬ್ಬರನ್ನೂ ಮನೆಗೆ ಕರೆತಂದೆ. ಅರಿಶಿನ ಸುಣ್ಣ ಕಲಸಿ ಪಾದಕ್ಕೆ ಹಚ್ಚಿ, ಕಾಫಿ ಕೊಟ್ಟೆ. ಇಂಗ್ಲಿಷ್ ಅವರಿಗೂ ಪರಭಾಷೆ, ನನಗೂ ಪರಭಾಷೆ. ಹಾಗಾಗಿ ಮಾತು ಸಲೀಸಾಯಿತು.

ಅವರು ಫ್ರಾನ್ಸಿನವರು. ಲ್ವಾರ್ ಎಂಬ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ, ಮ್ಯೂಸ್ಕಡೆ ಎಂಬ ಸಣ್ಣ ಸೀಮೆ. ಅಲ್ಲಿ ಹೆಚ್ಚುಕಡಿಮೆ ಒಂದೇ ಜಾತಿಯ ದ್ರಾಕ್ಷಿ, ಅದರಿಂದ ಬಿಳಿ ವೈನು. ಗಂಡ ಹೆಂಡತಿ ಇಬ್ಬರೂ ಅದನ್ನೇ ಬೆಳೆದು ಅದನ್ನೇ ಮಾಡುವವರು, ಅವನ ತಾತನ ಕಾಲದಿಂದಲೂ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಸೊಂಟದೆತ್ತರದ ಬಳ್ಳಿಸಾಲು, ನಡುನಡುವೆ ನೆಲದಿಂದ ಬೆನ್ನು ತೋರಿಸುವ ಬೂದುಬಂಡೆ. ನಮ್ಮ ಬೆಟ್ಟದ ಜಾತಿಯ ಕಲ್ಲೇ ಅಂತೆ. ಅದಕ್ಕೇ ಈ ಬೆಟ್ಟ ನೋಡಬೇಕು ಅನ್ನಿಸಿತು ಅಂದ. ಮೂಲೆಯಲ್ಲಿ ಕೂತಿದ್ದ ಅಪ್ಪನೂ ಬಗ್ಗಿ ನೋಡಿ, "ನಮ್ಮ ಮಿಡಿಗೇಶಿ ದಾರಿ ಇದ್ದಂಗೈತೆ" ಅಂದ.

"ನಮ್ಮದು ದೊಡ್ಡ ಹೆಸರಿನ ವೈನಲ್ಲ" ಅಂತ ಆತ ನಗುತ್ತಲೇ ಹೇಳಿದ. ಪಟ್ಟಣದವರು ಅಗ್ಗದ ಬಿಳಿ ಅನ್ನುತ್ತಾರಂತೆ. ಬಣ್ಣ ಇಲ್ಲ, ಘಮಘಮ ಇಲ್ಲ, ತಿಳಿನೀರಿನ ಹಾಗೆ ಇರುತ್ತದೆ. ಆದರೆ ಬಾಯಲ್ಲಿ ಒಂದು ಕ್ಷಣ ಹಿಡಿದರೆ ಮೊದಲು ನಿಂಬೆಯ ಹುಳಿ, ಆಮೇಲೆ ಒದ್ದೆ ಕಲ್ಲು, ಕಡೆಗೆ ಸ್ವಲ್ಪ ಉಪ್ಪು. ಸಮುದ್ರದ ಗಾಳಿ ಬೀಸುವ ನೆಲ, ಚಿಪ್ಪಿನ ಮೀನಿನ ಜೊತೆ ಅದನ್ನೇ ಕುಡಿಯುವ ಜನ. ಇಷ್ಟನ್ನೂ ಹೇಳುವಾಗ ಅವನ ಮುಖದಲ್ಲಿ ಅಗ್ಗದ್ದು ಎಂಬ ಅಳುಕು ಎಳ್ಳಷ್ಟೂ ಇರಲಿಲ್ಲ. ನನಗೆ ಅದು ಅರ್ಥವೇ ಆಗಲಿಲ್ಲ. ಜನ ಅಗ್ಗ ಅಂದದ್ದನ್ನು ಮನುಷ್ಯ ತಾನಾಗಿ ಹೇಳಿಕೊಳ್ಳುತ್ತಾನೆಯೇ?

ಅಷ್ಟರಲ್ಲಿ ಫಾರಿನ್ನಿನವರನ್ನು ನೋಡಲು ಓನರಮ್ಮ ಮೇಲಿನ ಮನೆಯಿಂದ ಇಳಿದು ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅಪ್ಪ ರಿಟೈರ್ಡ್ ಮೇಷ್ಟ್ರು ಅಂತ ಅವರೇ ಪರಿಚಯ ಮಾಡಿಕೊಟ್ಟರು. ನನ್ನ ಬೆನ್ನು ನೆಟ್ಟಗಾಯಿತು.

ಆತ ಕಾರಿನಿಂದ ಒಂದು ಬಾಟಲಿ ತಂದ. ದಾರಿಯಲ್ಲಿ ಉಪಕಾರ ಮಾಡಿದವರಿಗೆ ಕೊಡಲೆಂದು ಊರಿಂದ ತಂದದ್ದಂತೆ. ನಾನು ಗಾಬರಿಯಿಂದ ಓನರಮ್ಮನ ಮುಖ ನೋಡಿದೆ. ಮೊಟ್ಟೆ ಬೇಯಿಸಿದರೂ ಕಿಟಕಿ ತೆಗೆಯಿರಿ ಅನ್ನುವವರು ಅವರು. "ಪರವಾಗಿಲ್ಲ ಟೀಚರ್, ಅದು ದ್ರಾಕ್ಷಿ ರಸ. ಅವರ ಕಡೆ ದೊಡ್ಡ ಮನೆತನದವರೆಲ್ಲ ಕುಡೀತಾರೆ" ಅಂದರು. ತಮಗೂ ಕೆಮ್ಮಿಗೆ ಒಳ್ಳೆಯದೆಂದು ಒಂದು ಚಮಚ ಹಾಕಿಸಿಕೊಂಡರು. "ಮೇಷ್ಟ್ರೇ, ನೀವೂ ಒಂದು ಗುಟುಕು ತಗೊಳ್ಳಿ."

ಆತ ಜೇಬಿನಿಂದ ಮಡಚುವ ಒಂದು ಸಣ್ಣ ಬಾಗುಚಾಕು ತೆಗೆದು ಬಾಟಲಿಯ ಕೊರಳಿನ ತಗಡು ಕತ್ತರಿಸಿದ. ಮರದ ಹಿಡಿ ಸವೆದು ಮಿರುಗುತ್ತಿತ್ತು. ಬಳ್ಳಿ ಸವರುವ ಚಾಕು, ಅವನಪ್ಪನದಂತೆ. ಅಪ್ಪ ಕೈ ಚಾಚಿದ, ಆತ ಕೊಟ್ಟ. ಅಪ್ಪ ಅದರ ಬಾಯನ್ನು ಹೆಬ್ಬೆರಳ ಉಗುರಿನ ಮೇಲೆ ಆನಿಸಿ ನೋಡಿ, ತಿರುಗಿಸಿ, ತಲೆದೂಗಿ ವಾಪಸು ಕೊಟ್ಟ. ಆತ ಅಪ್ಪನ ಕೈಯನ್ನೇ ನೋಡುತ್ತಿದ್ದ.

ಸ್ಟೀಲು ಲೋಟದಲ್ಲಿ ವೈನು ಬಂತು. ಅಪ್ಪ ಬೆರಳು ಅದ್ದಿ ಮೂರು ಸಲ ನೆಲಕ್ಕೆ ಚಿಮುಕಿಸಿದ. ಭೂಮ್ತಾಯಿಗೆ, ಮಾರಮ್ಮನಿಗೆ, ಮರಕ್ಕೆ. ಹೆಂಡ ಇಳಿಸುವವರು ಹಾಗೆ ಮಾಡದೆ ಬಾಯಿಗಿಡುವುದಿಲ್ಲ. ಹೆಂಡ ನಿಂತಾಗಿನಿಂದ ಬಿಟ್ಟಿದ್ದ ಕೈ ತಾನಾಗಿ ಎದ್ದಿತ್ತು.

"ಅದೇನು ಮೇಷ್ಟ್ರೇ?" ಓನರಮ್ಮ ಕೇಳಿದರು. ಆತನೂ ಕುತೂಹಲದಿಂದ ನನ್ನತ್ತ ತಿರುಗಿದ.

"ಪ್ರೋಕ್ಷಣೆ" ಅಂದುಬಿಟ್ಟೆ. ಊಟಕ್ಕೆ ಮೊದಲು ನೀರು ಚಿಮುಕಿಸುವ ಮಡಿವಂತರ ಪದ್ಧತಿ ಅಂತ ಇಂಗ್ಲಿಷಿನಲ್ಲೂ ವಿವರಿಸಿದೆ. ಓನರಮ್ಮ ಮೆಚ್ಚಿಕೊಂಡರು.

ಅಪ್ಪ ಕಣ್ಣು ಮುಚ್ಚಿ ಒಂದು ಗುಟುಕನ್ನು ಬಾಯಲ್ಲಿ ಹಿಡಿದ. ಹಾಗೆ ಹಿಡಿದ ಅವನ ಮುಖವನ್ನು ನಾನು ಚಿಕ್ಕವಳಿದ್ದಾಗ ದಿನವೂ ನೋಡಿದ್ದೆ. ಯಾವ ಮಡಕೆ ಹೊಳೆಯ ಮರಳಿನ ಮರದ್ದು, ಯಾವುದು ಬಂಡೆಯ ಸಂದಿನ ಮರದ್ದು ಅಂತ ಒಂದೇ ಗುಟುಕಿಗೆ ಹೇಳುತ್ತಿದ್ದ. ಕೊರಟಗೆರೆಯಿಂದ ಜನ ಬಂದು ಪರೀಕ್ಷೆ ಮಾಡಿ ಸೋತು ಹೋಗುತ್ತಿದ್ದರು. ಈಗ ನುಂಗಿ, ಕಣ್ಣು ಬಿಟ್ಟು, ನನ್ನ ಕಡೆ ತಿರುಗಿದ. ಎಷ್ಟೋ ವರ್ಷದ ಮೇಲೆ ಆ ಕಣ್ಣಲ್ಲಿ ಬೆಳಕಿತ್ತು.

"ಇದು ಬಂಡೆ ಮ್ಯಾಲಿನ ಗಿಡದ್ದು ಕಣಮ್ಮ. ಕಮ್ಮಿ ಕೊಟ್ರೂ ಗಟ್ಟಿ ಕೊಡೋ ಗಿಡ. ಇವ್ರು ತಳದ ಗಸಿ ತಗ್ದಿಲ್ಲ, ಗಸಿ ಮ್ಯಾಲೇ ಮಲಗ್ಸವ್ರೆ, ಅದಕ್ಕೇ ನಾಲಿಗೆ ಮ್ಯಾಲೆ ಇಂಗೆ ನಿಂತ್ಕಂತದೆ. ಅವ್ನಿಗೆ ಏಳವ್ವ. ನಮ್ಮದು ಮಧ್ಯಾನಕ್ಕೇ ಹುಳಿ ಬಂದ್ಬುಡ್ತದೆ, ಇವ್ರದ್ದು ವರ್ಸ ಹೆಂಗೆ ತಡೀತದೆ, ಕೇಳು."

ಓನರಮ್ಮ ಆಗ ಬಾಗಿಲಿಗೆ ಹೋಗಿ, ಹೊರಗೆ ನಿಂತ ಕಾರಿನ ಡ್ರೈವರನ್ನು ಮಾತಾಡಿಸುತ್ತಿದ್ದರು. ಅಪ್ಪನ ಮಾತು ಅವರ ಕಿವಿಗೆ ಬೀಳಲಿಲ್ಲ. ಆದರೆ ನಾನು ಇಂಗ್ಲಿಷಿನಲ್ಲಿ ಹೇಳಿದರೆ, ಆತ ಅದನ್ನು ಹಿಡಿದು ಅಪ್ಪನನ್ನು ಕೇಳಿದರೆ, ಓನರಮ್ಮ ತಿರುಗಿ ಬಂದು ಕೇಳಿಸಿಕೊಂಡರೆ, ಎಲ್ಲವೂ ಬಯಲು.

"ಏನಂದರು?" ಆತ ಮುಂದೆ ಬಾಗಿದ್ದ.

"ತುಂಬಾ ಚೆನ್ನಾಗಿದೆ ಅಂದರು."

"ಅಷ್ಟು ಉದ್ದ ಮಾತಿಗೆ ಅಷ್ಟೇ ಅರ್ಥವೇ?" ಅಂತ ಆತ ನಕ್ಕ. ಆಮೇಲೆ ಲೋಟ ಎತ್ತಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದ: ನಮ್ಮ ಸೀಮೆಯ ಗುಟ್ಟು ಇಷ್ಟೇ, ಚಳಿಗಾಲ ಪೂರ್ತಿ ವೈನನ್ನು ಅದರ ಗಸಿಯ ಮೇಲೇ ಮಲಗಿಸುತ್ತೇವೆ, ರುಚಿ ನಾಲಿಗೆಯ ಮೇಲೆ ನಿಲ್ಲುವುದು ಅದರಿಂದ, ಹೊರಗಿನವರು ಯಾರೂ ಇದನ್ನು ಕುಡಿದು ಕಂಡುಹಿಡಿದದ್ದಿಲ್ಲ.

ನನ್ನ ಅಪ್ಪ ಈಗತಾನೇ ಕಂಡುಹಿಡಿದಿದ್ದ. ಅದನ್ನು ಕೇಳಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ.

"ಏನಂದ?" ಅಪ್ಪ ಕೇಳಿದ.

"ಅಲ್ಲಿ ಚಳಿ ಜಾಸ್ತಿಯಂತೆ" ಅಂದೆ.

ಅಪ್ಪ ಲೋಟದಲ್ಲಿ ಉಳಿದದ್ದನ್ನು ಕುಡಿಯದೆ ಕೆಳಗಿಟ್ಟ.

ಆತ ಅಪ್ಪನ ಪಾದಗಳನ್ನು ನೋಡುತ್ತಿದ್ದ. ಮರ ಹತ್ತಿ ಹತ್ತಿ ಬೆರಳುಗಳು ಅಗಲವಾಗಿ, ಒಳಮಗ್ಗುಲಲ್ಲಿ ಚರ್ಮ ಕಪ್ಪಗೆ ದಡ್ಡುಗಟ್ಟಿದ್ದವು. "ಮೇಷ್ಟ್ರು ಬಹಳ ನಡೆದಿರಬೇಕು" ಅಂದ. ಅಷ್ಟು ಹೊತ್ತಿಗೆ ಓನರಮ್ಮ ಮತ್ತೆ ಬಂದು ಕೂತಿದ್ದರು. "ಹೌದು, ಹಳ್ಳಿ ಶಾಲೆಗೆ ದಿನಾ ನಡೆದೇ ಹೋಗುತ್ತಿದ್ದರು" ಅಂತ ನಾನು ಅಂದೆ. ಓನರಮ್ಮ, "ಆಗಿನ ಮೇಷ್ಟ್ರುಗಳೇ ಹಾಗೆ" ಅಂದರು.

ಹೊರಡುವಾಗ ಹೆಂಡತಿ ನನ್ನನ್ನು ತಬ್ಬಿಕೊಂಡರು. ಗಂಡ ಅಪ್ಪನ ಮುಂದೆ ನಿಂತು, ಜೇಬಿಗೆ ಕೈ ಹಾಕಿ ಚಾಕು ಹೊರಗೆ ತೆಗೆದ. ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ನನ್ನ ಕಡೆ ನೋಡಿ, "ಇದನ್ನು ಹಿಡಿಯಲು ಬಲ್ಲವರ ಹಾಗೆ ಹಿಡಿದರು, ಕೊಡೋಣ ಅನ್ನಿಸಿತ್ತು. ಆದರೆ ಮೇಷ್ಟ್ರಿಗೆ ಚಾಕು ಯಾಕೆ?" ಅಂದು ಅದನ್ನು ಮತ್ತೆ ಜೇಬಿಗೆ ಇಳಿಸಿ, ಶರ್ಟಿನಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಕೊಟ್ಟ.

ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಓನರಮ್ಮ ಚಪ್ಪಾಳೆ ತಟ್ಟಿದರು.

ಈಗಲೂ ನಾನು ನನಗೇ ಕೇಳಿಕೊಳ್ಳುತ್ತೇನೆ: ಆ ಗಳಿಗೆಯಲ್ಲಾದರೂ ಒಂದು ಮಾತು ಆಡಬಹುದಿತ್ತಲ್ಲ? "ಅಲ್ಲ, ಇವರು ನಿಮ್ಮವರೇ" ಅಂದಿದ್ದರೆ ಸಾಕಿತ್ತು. ಮನೆ ಬಿಡಿಸುತ್ತಿದ್ದರೇನೋ, ಬಿಡಿಸಲಿ. ಮಧುಗಿರಿಯಲ್ಲಿ ಬೇರೆ ಮನೆ ಸಿಗುತ್ತಿರಲಿಲ್ಲವೇ? ಸಂಬಳ ಬರುತ್ತದೆ, ಗಂಡ ದುಡಿಯುತ್ತಾರೆ, ನನಗೆ ಯಾವ ಬಡತನದ ನೆವವೂ ಇಲ್ಲ. ಮೂಗು ಮುಚ್ಚಿಕೊಂಡ ಆ ಹುಡುಗಿಯರ ಮೇಲೆ ಜೀವಮಾನವೆಲ್ಲ ಹಲ್ಲು ಕಡಿದವಳು, ಕೊನೆಗೆ ನನ್ನಪ್ಪನ ಬಾಯನ್ನೇ ಮುಚ್ಚಿದೆ. ಇದನ್ನು ಯಾರ ಮೇಲೆ ಹಾಕಲಿ?

ಅವತ್ತು ಸಂಜೆ ಲೋಟ ತೊಳೆಯುತ್ತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅವ್ನು ಚಾಕು ಕೊಡಕ್ಕೆ ಬಂದಿದ್ದ, ಅಲ್ವಾ?"

ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ.

"ಗಸಿ ವಿಚಾರ ಏಳ್ಲಿಲ್ಲ ನೀನು."

"ಇಲ್ಲಪ್ಪ."

ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಪ್ಪ ಪೆನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ಅಳ್ಬ್ಯಾಡ ಬುಡು. ನಾಳಿಂದ ಜೇಬಿಗೆ ಸಿಕ್ಕಿಸ್ಕಂತೀನಿ. ಮೇಷ್ಟ್ರು ಅಂದ್ಮೇಲೆ ಪೆನ್ನು ಇರ್ಬೇಕಲ್ಲ" ಅಂದ.

ಮಾರನೆಯ ಬೆಳಿಗ್ಗೆ ಅವನು ಬಿಳಿ ಶರ್ಟು ತೊಟ್ಟು, ಪೆನ್ನು ಸಿಕ್ಕಿಸಿಕೊಂಡು, ಪೇಪರ್ ಹಿಡಿದು ಜಗಲಿಯಲ್ಲಿ ಕೂತಿದ್ದ. ಓನರಮ್ಮ ಮೇಲಿನಿಂದ ಬಗ್ಗಿ, "ಏನ್ ಮೇಷ್ಟ್ರೇ, ಫಾರಿನ್ ಪೆನ್ನು!" ಅಂದರು. ಅಪ್ಪ ಎದ್ದು ನಿಂತು ಅವರಿಗೆ ಕೈ ಮುಗಿದ. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದೆ. ಹಾಕಿ ಮುಗಿದ ಮೇಲೂ ತಲೆ ಎತ್ತದೆ, ಅವನ ಪಾದಗಳನ್ನಷ್ಟೇ ನೋಡಿ, ಬಸ್ಸಿಗೆ ಹೊರಟುಹೋದೆ.