ಗಂಟೆಯಿಂದ ಉಳಿದ ಉಪದೇಶಿ

ಕ್ಯಾತನಹಳ್ಳಿಯಿಂದ ಪಾಂಡವಪುರದ ಕಡೆ ಬರುವಾಗ ನಾಲೆಯ ಏರಿ ಇಳಿದರೆ ಚೌರಪ್ಪನ ಕೊಪ್ಪಲು ಸಿಗುತ್ತಿತ್ತು. ಒಂದಷ್ಟು ಕ್ರೈಸ್ತರ ಮನೆ, ಸುಣ್ಣ ಹೊಡೆದ ಒಂದು ಹಳೇ ಚರ್ಚು, ಚರ್ಚಿಗೊಬ್ಬ ಉಪದೇಶಿ. ಉಪದೇಶಿ ಅಂದರೆ ಫಾದರ್ ಅಲ್ಲ. ಫಾದರ್ ಇಲ್ಲದ ಹೊತ್ತಿನಲ್ಲಿ, ಪೂಜೆಯೊಂದನ್ನು ಬಿಟ್ಟು, ಫಾದರ್ ಮಾಡಬೇಕಾದ್ದನ್ನೆಲ್ಲ ಮಾಡುವವನು. ಈ ಊರಿನ ಉಪದೇಶಿ ಇನ್ನಾಸಪ್ಪ ಮಕ್ಕಳಿಗೆ ಜಪ ಕಲಿಸುತ್ತಿದ್ದ, ಸಾವಿನ ಮನೆಯಲ್ಲಿ ಪ್ರಾರ್ಥನೆ ಹೇಳುತ್ತಿದ್ದ, ಮೂರು ಹೊತ್ತೂ ಗಂಟೆ ಹೊಡೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ಕಬ್ಬಿಗೆ ನೀರು ತಿರುಗಿಸುತ್ತಿದ್ದ.

ಉಪದೇಶಕ್ಕೆ ಅವನಿಗೆ ಬಲು ಪ್ರಿಯವಾದ ವಿಷಯ ಹೆದರಿಕೆ. ತನಗೆ ಅದು ಇರಲಿಲ್ಲವಾದ್ದರಿಂದ ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲವನಾಗಿದ್ದ. "ದಿಗಿಲಾಯ್ತದೆ ಅಂತೀರಲ್ಲಾ, ಅದು ಕಾಯಿಲೆ ಅಲ್ಲ ಕಣ್ರಪ್ಪಾ. ವಿಶ್ವಾಸ ಕಮ್ಮಿ ಆಗೈತೆ, ಅಷ್ಟೇಯ" ಅನ್ನುತ್ತಿದ್ದ. ಕೇಳಿದವರು ತಲೆ ತಗ್ಗಿಸುತ್ತಿದ್ದರು. ತಗ್ಗಿದ ತಲೆಗಳನ್ನು ಕಂಡರೆ ಅವನಿಗೆ ಉಪದೇಶ ನಾಟಿತು ಅನ್ನುವ ಸಮಾಧಾನ.

ತೊಂಬತ್ನಾಲ್ಕರ ಮಳೆಗಾಲದ ಒಂದು ಸಂಜೆ ಗಂಟೆ ಹೊಡೆಯಲು ಹಗ್ಗ ಜಗ್ಗಿದ. ಎರಡನೇ ಸಲ ಜಗ್ಗುವಷ್ಟರಲ್ಲಿ ಮೇಲೆ ಏನೋ ಮುರಿದ ಸದ್ದು. ಅದು ಗೆದ್ದಲು ತಿಂದ ತೊಲೆ ಎಂದು ಆಮೇಲೆ ತಿಳಿಯಿತು. ಇನ್ನಾಸಪ್ಪ ಕತ್ತೆತ್ತಿ ನೋಡಿದ. ಅಜ್ಜನ ಕಾಲದ ಆ ಕಂಚಿನ ಗಂಟೆ ತೊಲೆ, ಹೆಂಚು, ಪಾರಿವಾಳದ ಗೂಡು ಸಮೇತ ಇಳಿದುಬಂದು, ಅವನಿಗೂ ಗೋಡೆಗೂ ನಡುವಿನ ನೆಲಕ್ಕೆ ಅಪ್ಪಳಿಸಿತು. ಹಾಸುಗಲ್ಲು ಎರಡು ಹೋಳಾಯಿತು. ಇನ್ನಾಸಪ್ಪನ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಜನ ಓಡಿಬಂದಾಗ ಅವನು ತುಂಡಾದ ಹಗ್ಗವನ್ನು ಹಿಡಿದುಕೊಂಡೇ ನಿಂತಿದ್ದ. ಹೆಂಡತಿ ಲೂರ್ದಮ್ಮ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಪವಾಡ ಎಂದು ಮೊದಲು ಹೇಳಿದ್ದು ಯಾರೋ ಗೊತ್ತಿಲ್ಲ. ಭಾನುವಾರದ ಪೂಜೆಯ ಹೊತ್ತಿಗೆ ಅದು ತೀರ್ಮಾನವೇ ಆಗಿಹೋಗಿತ್ತು. ಹೊಸದಾಗಿ ಬಂದಿದ್ದ ಫಾದರ್ ಲಿಗೋರಿ ಮಂಗಳೂರು ಕಡೆಯವರು, ಸಣ್ಣ ವಯಸ್ಸು. ಅವರು ಇನ್ನಾಸಪ್ಪನನ್ನು ಮುಂದೆ ಕರೆದು, "ದೇವರು ನಿಮ್ಮನ್ನು ಉಳಿಸಿದ್ದಾರೆ. ಬಂದು ಸಾಕ್ಷಿ ಹೇಳಿ ಮಾರಾಯ್ರೆ" ಎಂದರು. ಮಾತಿಗೇನು ಕೊರತೆ? ದೇವದೂತರು ತನ್ನನ್ನು ತೋಳಲ್ಲಿ ಎತ್ತಿ ಪಕ್ಕಕ್ಕಿಟ್ಟಂತಾಯಿತು ಎಂದ. ಹಾಗೇನೂ ಆಗಿರಲಿಲ್ಲ. ಆದರೆ ಜನ ಕಣ್ಣೊರೆಸಿಕೊಂಡರು. ಮುಂದಿನ ವಾರ ಪಾಂಡವಪುರಕ್ಕೆ ಕರೆದರು, ಅದರ ಮುಂದಿನ ವಾರ ನಾಗಮಂಗಲಕ್ಕೆ. ಒಂದೊಂದು ಊರಿಗೆ ಹೋದಾಗಲೂ ಗಂಟೆಯ ತೂಕ ಒಂದಿಷ್ಟು ಏರುತ್ತಿತ್ತು, ದೇವದೂತರ ಸಂಖ್ಯೆಯೂ ಏರುತ್ತಿತ್ತು.

ಏರುತ್ತಿದ್ದದ್ದು ಇನ್ನೊಂದಿತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಡೈರಿಯಲ್ಲಿ ಹಾಲಿನ ಕ್ಯಾನು ದಡಾರೆಂದರೆ ಎದೆ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾರ್ಖಾನೆಯ ಸೈರನ್ ಕೂಗಿದರೆ ಕಬ್ಬಿನ ಸಾಲಿನಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದ. ತಲೆಯ ಮೇಲೆ ಮಾಳಿಗೆ ಇದ್ದ ಕಡೆಯೆಲ್ಲ ಕಣ್ಣು ತೊಲೆಗಳ ಮೇಲೇ. ಚರ್ಚಿನೊಳಗೆ ಬಾಗಿಲ ಪಕ್ಕ, ಓಡಿಹೋಗಲು ಅನುಕೂಲವಾದ ಜಾಗದಲ್ಲಿ ನಿಲ್ಲತೊಡಗಿದ. ಉಪದೇಶಿಗೆ ಎಷ್ಟು ವಿನಯ, ಪವಾಡ ಆದಮೇಲೆ ಹಿಂದೆ ನಿಲ್ಲುತ್ತಾರೆ ಎಂದು ಜನ ಹೊಗಳಿದರು.

ಅವನ ಲೆಕ್ಕದ ಪ್ರಕಾರ ಇದು ವಿಶ್ವಾಸದ ಕೊರತೆ. ಹಾಗಾಗಿ ಔಷಧಿಯೂ ಗೊತ್ತಿತ್ತು: ಉಪವಾಸ, ಮೊಣಕಾಲೂರಿ ಜಪಸರ. ಉಪವಾಸದಿಂದ ಕೈ ನಡುಕ ಇನ್ನೂ ಜಾಸ್ತಿಯಾಯಿತು. ದೇವರು ಕಾಪಾಡಿದವನೇ ಹೀಗೆ ನಡುಗಿದರೆ ಕಾಪಾಡಿದ ದೇವರಿಗೆ ಏನು ಮರ್ಯಾದೆ ಎಂಬ ಚಿಂತೆ ಬೇರೆ.

ಲೂರ್ದಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಕೈಯಿಂದ ತಟ್ಟೆ ಜಾರಿತು. ತಿರುಗಿ ನೋಡಿದರೆ ಗಂಡ ಒರಳಿನ ಮರೆಗೆ ಸೇರಿಕೊಂಡಿದ್ದ.

"ಇದ್ಯಾಕಂಗೆ ಬೆವೀತಿದ್ದೀರಿ?"

"ಸೆಕೆ ಕಣಮ್ಮಿ."

"ಸೆಕೆ ಆದ್ರೆ ಒರಳ್ಕಲ್ ಹಿಂದೆ ಯಾಕ್ ಕೂತ್ಕಂಡ್ರಿ? ಸುಮ್ನೆ ಕೇಳಿ. ಕೆ.ಆರ್. ಪೇಟೇಲಿ ಸಿಸ್ಟ್ರುಗಳ ಆಸ್ಪತ್ರೆ ಐತಲ್ಲ, ಅಲ್ಲೊಬ್ರು ಬಂದವ್ರಂತೆ. ಮನ್ಸಿನ್ ದಿಗಿಲ್ಗೆ ಮಾತಾಡುಸ್ತಾರಂತೆ. ಓಗ್ ಬನ್ನಿ."

"ನಾನು ಉಪದೇಶಿ ಕಣೇ. ನಂಗೆ ಅವ್ರು ಮಾತಾಡ್ಸೋದಾ?"

"ಅದ್ಕೇ ಕೆ.ಆರ್. ಪೇಟೆ ಅಂದಿದ್ದು. ಅಲ್ಲಿ ನಿಮ್ಮ ಮಖ ಗೊತ್ತಿರೋರು ಯಾರವ್ರೆ?"

ಈ ಮಾತು ನಾಟಿತು. ಎಮ್ಮೆ ನೋಡಿಕೊಂಡು ಬರುತ್ತೇನೆಂದು ಊರಲ್ಲಿ ಹೇಳಿ ಬಸ್ಸು ಹತ್ತಿದ.

ಆಸ್ಪತ್ರೆಯ ಹಿಂದುಗಡೆ ಎರಡು ಕುರ್ಚಿಯ ಒಂದು ಪುಟ್ಟ ಕೋಣೆ. ಸಿಸ್ಟರ್ ಪ್ರಮೀಳಾ ಹಾಸನದ ಕಡೆಯವರು, ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಓದಿ ಬಂದಿದ್ದರು. ಓದಿಸಿದ ಮೇಷ್ಟ್ರು, ದೇವರನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬನ್ನಿ ಎಂದಿದ್ದರು. ಕಾನ್ವೆಂಟಿನ ಮದರ್, ಬಂದವರಿಗೆ ಮೊದಲು ದೇವರನ್ನೇ ತೋರಿಸಿ ಎಂದಿದ್ದರು. ಸಿಸ್ಟರ್ ಇಬ್ಬರಿಗೂ ಹೂಂ ಅಂದು, ಬಂದವರನ್ನೇ ಕೇಳಿ ನೋಡುತ್ತಿದ್ದರು. ಸಿಂಧಘಟ್ಟದ ತಿಮ್ಮಮ್ಮ ತನಗೆ ಊರ ಮಾರಮ್ಮ ಸಾಕು ಎಂದಿದ್ದಳು. ಮಾರಮ್ಮನನ್ನೇ ನೆನೆದು ಉಸಿರು ಬಿಡಮ್ಮ ಎಂದಿದ್ದರು ಸಿಸ್ಟರ್. ಈ ಸಂಗತಿ ಮದರ್ ಕಿವಿಗೆ ಬೀಳದಂತೆ ನೋಡಿಕೊಂಡಿದ್ದರು.

ಗಂಟೆ ಬಿದ್ದದ್ದು, ಆಮೇಲಿನ ದಿಗಿಲು ಎಲ್ಲ ತಿಳಿದುಕೊಂಡ ಮೇಲೆ ಇನ್ನಾಸಪ್ಪನನ್ನೂ ಕೇಳಿದರು: "ದೇವರ ವಿಷಯ ನಾವು ಮಾತಾಡೋಣವಾ, ಬೇಡವಾ?"

ಅವನಿಗೆ ರೇಗಿತು. "ಏನಂಗಂದ್ರೆ? ನಾನು ಉಪದೇಶಿ ಸಿಸ್ಟ್ರಮ್ಮಾ!"

"ಒಳ್ಳೇದಾಯ್ತು. ಗಂಟೆ ಬಿದ್ದಾಗ ಯೇಸು ಎಲ್ಲಿದ್ರು?"

ಇನ್ನಾಸಪ್ಪ ಗಂಟಲು ಸರಿಮಾಡಿಕೊಂಡು ತೋಳು, ದೇವದೂತರು, ಎತ್ತಿ ಪಕ್ಕಕ್ಕಿಟ್ಟದ್ದು ಎಲ್ಲವನ್ನೂ ನಿರರ್ಗಳವಾಗಿ ಹೇಳಿದ. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು.

"ಇದು ಮೈಕಿನ ಮುಂದೆ ಹೇಳೋದು. ನಿಮ್ಮ ಕಣ್ಣಿಗೆ ಎಲ್ಲಿ ಕಂಡ್ರು?"

ಅವನು ಕಣ್ಣು ಮುಚ್ಚಿದ. ಹಗ್ಗ ಬಂತು, ಸದ್ದು ಬಂತು, ಬಾಯಿ ತೆರೆದುಕೊಂಡು ಮೇಲಿನಿಂದ ಇಳಿಯುವ ಗಂಟೆಯ ಒಳಗಿನ ಕತ್ತಲೆ ಬಂತು.

"ಎಲ್ಲೂ ಕಾಣ್ನಿಲ್ಲ" ಅಂದ. ಹೇಳಿದ ಮೇಲೆ, ಈಗ ಈಯಮ್ಮ ತನ್ನನ್ನು ಬೈಯುತ್ತಾರೆ ಎಂದು ಕಾದ. ತಾನಾಗಿದ್ದರೆ ಬೈಯುತ್ತಿದ್ದ.

ಸಿಸ್ಟರ್ ಬೈಯಲಿಲ್ಲ. ಅವನ ಎರಡೂ ಪಾದ ನೆಲಕ್ಕೆ ಊರಿಸಿದರು, ಕಿಟಕಿಯಾಚೆಯ ಸೀಬೆ ಗಿಡದಲ್ಲಿ ಏನೇನು ಕಾಣುತ್ತದೆ ಹೇಳಿಸಿದರು. ಆಮೇಲೆ ಒಂದು ಜಪ ಕೊಟ್ಟರು. ಉಸಿರು ಎಳೆದುಕೊಳ್ಳುವಾಗ 'ಯೇಸುವೇ', ನಿಧಾನವಾಗಿ ಬಿಡುವಾಗ 'ನಂಗೆ ದಿಗಿಲು'. ಅಷ್ಟೇ. ಜೊತೆಗೆ ಮೈಸೂರಿನ ಮನೋವೈದ್ಯರೊಬ್ಬರನ್ನು ಕಂಡು ಬರಲು ಹೇಳಿದರು. ಮುಂದಿನ ವಾರ ಆ ವೈದ್ಯರು ಒಂದು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು.

ಇದೆಂಥಾ ಜಪ ಎಂದು ಇನ್ನಾಸಪ್ಪನಿಗೆ ಅಸಮಾಧಾನ. ದಿಗಿಲು ತೆಗಿ ಎಂದು ಬೇಡುವುದು ಜಪ. ದಿಗಿಲಿದೆ ಎಂದು ಚಾಡಿ ಹೇಳುವುದೂ ಜಪವೇ? ಆದರೂ ಅವತ್ತು ಕೆ.ಆರ್. ಪೇಟೆಯಿಂದ ವಾಪಸು ಬರುವಾಗ ಚಿನಕುರಳಿಯ ಹತ್ತಿರ ಬಸ್ಸಿನ ಟೈರು ಸಿಡಿದಾಗ ಬಾಯಿಗೆ ಬಂದದ್ದು ಅದೇ. ಸೀಟಿನ ಕೆಳಗೆ ತೂರಲಿಲ್ಲ. ಕಂಬಿ ಹಿಡಿದು ಕೂತೇ ಇದ್ದ.

ಮತ್ತೆ ಹೋದ. ಎಮ್ಮೆ ವ್ಯಾಪಾರ ಇನ್ನೂ ಕುದುರಲಿಲ್ಲ ಎಂದು ಊರಿನವರಿಗೆ ಹೇಳುತ್ತಿದ್ದ. ಒಂದು ಸಲ ಸಿಸ್ಟರ್ ಬೇರೇನನ್ನೂ ಕೇಳದೆ, "ಉಪದೇಶಿಗಳೇ, ಶಿಲುಬೆಗೇರಿಸೋಕೆ ಹಿಡಿದುಕೊಂಡು ಹೋಗೋ ಮುಂಚೆ ಯೇಸು ತೋಟದಲ್ಲಿ ಏನು ಮಾಡ್ತಿದ್ರು?" ಎಂದರು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬಂದಾಗಲೆಲ್ಲ ಹೇಳುವ ಕಥೆ. ಇನ್ನಾಸಪ್ಪ ಹುರುಪಿನಿಂದ ಶುರುಮಾಡಿದ. ಶಿಷ್ಯರು ನಿದ್ದೆ ಹೋದದ್ದು, ಯೇಸು ನೆಲಕ್ಕೆ ಬಿದ್ದು ಪ್ರಾರ್ಥಿಸಿದ್ದು, ಮೈ ಬೆವರಿದ್ದು, ಸಾಧ್ಯವಾದರೆ ಇದನ್ನು ತಪ್ಪಿಸು ಎಂದು ತಂದೆಯನ್ನು ಬೇಡಿದ್ದು...

ಅಲ್ಲಿಗೆ ನಿಂತ.

"ಯಾಕೆ ನಿಲ್ಲಿಸಿದ್ರಿ?"

"ಅವರ್ಗೂ... ದಿಗಿಲಾಗಿತ್ತು" ಅಂದ ಇನ್ನಾಸಪ್ಪ, ಯಾರೋ ಆಗತಾನೇ ಬಂದು ಸುದ್ದಿ ಹೇಳಿದಂತೆ. ಆಮೇಲೆ ಇನ್ನೂ ಮೆಲ್ಲಗೆ, "ಅವರ್ಗೆ ವಿಶ್ವಾಸ ಕಮ್ಮಿ ಇತ್ತು ಅನ್ನಾಕಾಯ್ತದಾ?"

ಅವನು ಅತ್ತ. ಗಂಟೆ ಬಿದ್ದಾಗ ಯೇಸು ಎಲ್ಲಿದ್ದರು ಎಂಬ ಪ್ರಶ್ನೆಯನ್ನು ಸಿಸ್ಟರ್ ಮತ್ತೆ ಎತ್ತಲಿಲ್ಲ. ಆದರೆ ಏಳುವಾಗ ಅವನೇ ಹೇಳಿದ: "ಪಕ್ಕದಲ್ಲೇ ಅಗ್ಗ ಇಡ್ಕಂಡು ನಿಂತಿದ್ರೇನೋ. ನನ್ನಂಗೇ ನಡುಗ್ತಾ."

ಅದೇ ದಿನ ಹೊರಗೆ ಬಂದರೆ ಬೆಂಚಿನ ತುದಿಯಲ್ಲಿ ಪ್ಯಾಂಟು ಶರ್ಟು ತೊಟ್ಟ ಒಬ್ಬರು ಪೇಪರನ್ನು ಮುಖದ ತನಕ ಎತ್ತಿ ಹಿಡಿದು ಕೂತಿದ್ದರು. ಪೇಪರು ಅಲ್ಲಾಡುತ್ತಿತ್ತು. ಗಾಳಿಯೇನೂ ಇರಲಿಲ್ಲ.

"ಗುರುಗಳೇ!"

ಪೇಪರು ಇಳಿಯಿತು. ಫಾದರ್ ಲಿಗೋರಿ. ಇಬ್ಬರೂ ಒಂದೇ ಉಸಿರಿಗೆ ಮಾತಾಡಿದರು.

"ನಾನು ಇಲ್ಲಿ ನರ್ಸರಿ ಶಾಲೆ ವಿಷಯ ವಿಚಾರಿಸಲಿಕ್ಕೆ..."

"ನಾನು ಎಮ್ಮೆ ನೋಡನ ಅಂತ..."

ಒಳಗಿನಿಂದ ಸಿಸ್ಟರ್ ದನಿ ಕೇಳಿಸಿತು. "ಫಾದರ್, ಬನ್ನಿ. ಈ ವಾರ ನಿದ್ದೆ ಬಂತಾ?"

ಕೆ.ಆರ್. ಪೇಟೆಯಲ್ಲಿ ಅಂದು ಇಬ್ಬರಿಗೂ ಸಿಕ್ಕಿದ್ದು ಒಂದೇ ಬಸ್ಸು, ಒಂದೇ ಸೀಟು. ಪಾಂಡವಪುರದ ತನಕ ಕಬ್ಬಿನ ಬೆಳೆಯ ಬಗ್ಗೆ ಮಾತಾಡಿದರು. ಇಳಿಯುವ ಮುಂಚೆ ಫಾದರ್, "ಆ ಸಾಕ್ಷಿ ಹೇಳುವುದು ಇನ್ನು ಸಾಕಲ್ಲವಾ ಇನ್ನಾಸಪ್ಪ?" ಎಂದರು. "ಸಾಕು ಗುರುಗಳೇ" ಅಂದ ಅವನು.

ಅದೇ ಊರಿನ ಬೆಟ್ಟಮ್ಮನ ಮನೆಗೆ ಅವನು ಹೋದದ್ದು ಆ ವಾರವೇ. ಅವಳ ಗಂಡ ನಾಲೆಗೆ ಬಿದ್ದು ಸತ್ತ ವರ್ಷ, ನೀರು ಕಂಡರೆ ಮೈ ಮರಗಟ್ಟುತ್ತದೆ ಎಂದು ಹೇಳಿಕೊಳ್ಳಲು ಬಂದಿದ್ದವಳಿಗೆ ಉಪದೇಶ ಮಾಡಿ ಕಳಿಸಿದ್ದ. ಜಗಲಿಯಲ್ಲಿ ಕೂತು, "ಅವತ್ತು ನಾನು ಅಂಗನ್ನಬಾರ್ದಾಗಿತ್ತು ಬೆಟ್ಟವ್ವ" ಅಂದ.

ಬೆಟ್ಟಮ್ಮ ಅವರೆಕಾಯಿ ಸುಲಿಯುತ್ತಿದ್ದಳು. "ಏನಂದ್ರಿ?"

"ವಿಶ್ವಾಸ ಕಮ್ಮಿ ಅಂತ."

"ಅಂಗಂದಿದ್ರಾ? ನಂಗೆ ಗ್ಯಾನ್ವೇ ಇಲ್ಲ ಕಣಪ್ಪ. ನೀವು ಮಾತಾಡಾಕೆ ಸುರು ಮಾಡುದ್ರೆ ನಾನು ಮನೆ ಕೆಲ್ಸ ಯೋಚ್ನೆ ಮಾಡ್ಕತೀನಿ." ಬುಟ್ಟಿಯನ್ನು ಅವನ ಕಡೆ ತಳ್ಳಿದಳು. "ಸುಮ್ನೆ ಕೂತಿದ್ದೀರಲ್ಲ, ಒಸಿ ಸುಲೀರಿ."

ಅವನು ಸುಲಿದ. ಅಷ್ಟು ದಿನದ ಪಶ್ಚಾತ್ತಾಪಕ್ಕೆ ಅವರೆಕಾಳಿನಷ್ಟೂ ಬೆಲೆ ಸಿಗಲಿಲ್ಲವೆಂದು ಮೊದಲು ಬೇಜಾರಾಯಿತು, ಆಮೇಲೆ ನಗು ಬಂತು. ಬುಟ್ಟಿ ಬರಿದಾಗುತ್ತಾ ಬಂದಾಗ ಬೆಟ್ಟಮ್ಮ ತಾನಾಗಿಯೇ ಗಂಡನ ವಿಷಯ ತೆಗೆದಳು. ಈ ಸಲ ಅವನು ನಡುವೆ ಬಾಯಿ ಹಾಕಲಿಲ್ಲ.

ಫಾದರ್ ಬಿಟ್ಟರೂ ಸಾಕ್ಷಿ ಅವನನ್ನು ಬಿಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ದೊಡ್ಡ ಧ್ಯಾನಕೂಟ. ಹೊರಗಿನಿಂದ ಬಂದ ಪ್ರಸಿದ್ಧ ಬೋಧಕರು. ಕರಪತ್ರದಲ್ಲಿ, ಒಂದು ಮಾತೂ ಕೇಳದೆ, 'ಸಾವಿನ ಗಂಟೆಯಿಂದ ಪಾರಾದ ಉಪದೇಶಿ' ಎಂದು ಅಚ್ಚಾಗಿತ್ತು. ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಕಬ್ಬಿಣದ ಕಂಬಗಳನ್ನು ನೋಡುತ್ತಲೇ ಇನ್ನಾಸಪ್ಪ ಮೈಕಿನ ಮುಂದೆ ನಿಂತ.

"ಗಂಟೆ ಬಿತ್ತು. ನಂಗೇನೂ ಆಗ್ಲಿಲ್ಲ ಅಂತ ಎಲ್ರೂ ಅಂದ್ರು, ನಾನೂ ಅಂದೆ" ಎಂದ. "ಸುಳ್ಳು. ಅವತ್ತಿಂದ ತಟ್ಟೆ ಬಿದ್ರೆ ನಡುಗ್ತೀನಿ. ಈಗ್ಲೂ ನಡುಗ್ತಿವ್ನಿ, ನೋಡಿ. ದೇವದೂತ್ರನ್ನ ನಾನು ಕಾಣ್ಲಿಲ್ಲ. ಕೆ.ಆರ್. ಪೇಟೇಲೊಬ್ರು ಸಿಸ್ಟ್ರ ತಾವ ಓಯ್ತೀನಿ, ಮಾತ್ರೆ ನುಂಗ್ತೀನಿ, ನಂಗೆ ದಿಗಿಲು ಅಂತ ಯೇಸುಸ್ವಾಮಿ ತಾವ ದಿನಾ ಯೋಳ್ತೀನಿ. ಅವ್ರು ಬೇಜಾರು ಮಾಡ್ಕಂಡಂಗಿಲ್ಲ. ಈಗ ಒಸಿ ವಾಸಿ."

ಬೋಧಕರು ಎದ್ದು ಬಂದು, "ದೇವರಿಗೆ ಸ್ತೋತ್ರ!" ಎಂದು ಗಟ್ಟಿಯಾಗಿ ಕೂಗಿ ಮೈಕು ಕಿತ್ತುಕೊಂಡರು. ತಬಲದವನು ಸಮಯ ನೋಡಿ ಬಾರಿಸಿದ.

ಊಟದ ಬಿಡುವಿನಲ್ಲಿ ಬೋಧಕರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಸಾಲು ವೇದಿಕೆಯ ಮುಂದೆ ಬೆಳೆದಿತ್ತು. ಕೈ ತೊಳೆಯುವ ನಲ್ಲಿಯ ಹತ್ತಿರ ಇನ್ನೊಂದು ಗುಂಪು ಸೇರಿತು. ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಳು: "ಉಪದೇಶಿಗಳೇ, ಕೆ.ಆರ್. ಪೇಟೆಗೆ ಬಸ್ಸು ಎಷ್ಟೊತ್ಗೆ?" ಅವಳ ಹಿಂದೆ ಒಬ್ಬ ನಿವೃತ್ತ ಪೊಲೀಸಿನವನು. ಅವನ ಹಿಂದೆ, ಅತ್ತಿತ್ತ ನೋಡುತ್ತಾ, ಅದೇ ತಬಲದವನು.

ಗಂಟೆಯನ್ನು ಕಬ್ಬಿಣದ ತೊಲೆಗೆ ನೇತುಹಾಕಿದರು. ಹೊಡೆಯುವ ಕೆಲಸ ಊರಿನ ಹುಡುಗ ಅಂತೋಣಿಯ ಪಾಲಾಯಿತು. ಫಾದರ್ ಲಿಗೋರಿ ವರ್ಗವಾಗಿ ಹೋದರು. ಹೋಗುವಾಗ ಚೆನ್ನಾಗಿ ನಿದ್ದೆ ಮಾಡಿದವರ ಮುಖವಿತ್ತು. ತೊಂಬತ್ತೆಂಟರಲ್ಲಿ ಸಿಸ್ಟರ್ ಪ್ರಮೀಳಾರನ್ನೂ ದೂರದ ಈಶಾನ್ಯಕ್ಕೆ ಕಳಿಸಿದರು. ಬದಲಿಗೆ ಬಂದ ಸಿಸ್ಟರಿಗೆ ಕಣ್ಣು ಪರೀಕ್ಷೆ ಮಾತ್ರ ಗೊತ್ತಿತ್ತು. ಕೆ.ಆರ್. ಪೇಟೆಗೆ ಹೋಗಿ ನಿರಾಸೆಯಿಂದ ತಿರುಗಿದವರು ವಿಳಾಸ ಕೇಳಿಕೊಂಡು ಚೌರಪ್ಪನ ಕೊಪ್ಪಲಿಗೆ ಬರತೊಡಗಿದರು. ತನಗೇನೂ ಬರುವುದಿಲ್ಲ ಎಂದು ಇನ್ನಾಸಪ್ಪ ಎಲ್ಲರಿಗೂ ಹೇಳುತ್ತಿದ್ದ. ಹೇಳಿ, ಕೂರಿಸಿ, ಕೇಳಿಸಿಕೊಳ್ಳುತ್ತಿದ್ದ. ಜಾಸ್ತಿ ಆದವರನ್ನು ಮೈಸೂರಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತಿದ್ದ. ಚೌರಪ್ಪನ ಕೊಪ್ಪಲಿನ ಉಪದೇಶಿಗೆ ದಿಗಿಲು ಬಿಡಿಸುವ ವರ ಇದೆ ಎಂದು ನಾಗಮಂಗಲದ ಕಡೆ ಈಗ ಬೇರೆಯವರು ಸಾಕ್ಷಿ ಹೇಳುತ್ತಿದ್ದರು. ಇನ್ನಾಸಪ್ಪ ಅದೆಲ್ಲ ಬೇಡ ಅಂದರೆ ವಿನಯ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕಿಹೆಬ್ಬಾಳಿನಿಂದ ಚಿಕ್ಕಬೋರಮ್ಮ ಎಂಬ ಹೆಂಗಸು ಬಂದಳು. ಕ್ರೈಸ್ತರ ಮನೆಯೆಂದು ಕುಂಕುಮ ಒರೆಸಿಕೊಳ್ಳಲು ಹೋದಳು.

"ಅಯ್ಯೋ, ಕುಂಕುಮ ಯಾಕವ್ವ ಒರುಸ್ಕತೀಯ? ಇರ್ಲಿ ಬುಡು" ಅಂದ ಇನ್ನಾಸಪ್ಪ.

"ಒಸಿ ನೀರು ಮಂತ್ರಿಸಿ ಕೊಡಿ ಸ್ವಾಮಿ."

"ಇದು ಬರೀ ಮಡಕೆ ನೀರು ಕಣವ್ವ. ಮಂತ್ರಗಿಂತ್ರ ಇಲ್ಲ."

ಅವಳು ಲೋಟವನ್ನು ಕಣ್ಣಿಗೊತ್ತಿಕೊಂಡು ಕುಡಿದಳು. "ಈಗ ಎದೆ ಅಗುರಾಯ್ತು ನೋಡಿ!"

ಇನ್ನಾಸಪ್ಪ ವಾದಕ್ಕಿಳಿಯದೆ ಚಾಪೆ ಹಾಸಿದ. "ಕೂತ್ಕೊ. ಏನಾಯ್ತು ಅಂತ ನಿಧಾನುಕ್ಕೆ ಯೋಳು" ಅಂದ. ಆಮೇಲೆ ಲೂರ್ದಮ್ಮನ ಕಡೆ ತಿರುಗಿ, ಅದೇ ಮಡಕೆಯಿಂದ ತನಗೂ ಒಂದು ಲೋಟ ನೀರು ಕೊಡಲು ಹೇಳಿದ.