ಕನ್ನಡಿಯಲ್ಲಿ ಎಡತಿರುವು

ಬೀದಿಯಲ್ಲಿ ಎದುರಾದರೆ ದೊಡ್ಡಣ್ಣ ನನ್ನನ್ನು ತಟ್ಟನೆ ಗುರುತಿಸುವುದಿಲ್ಲ. ಒಂದು ಕ್ಷಣ ಕಣ್ಣು ಕಿರಿದು ಮಾಡಿ, ತಲೆಯನ್ನು ಒಂದು ಕಡೆಗೆ ವಾಲಿಸಿ, ಆಮೇಲೆ "ಓ, ನೀವಾ!" ಎನ್ನುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಅವರು ನಮ್ಮ ಬೀದಿಯ ಕ್ಷೌರಿಕರು. ನನ್ನ ಮುಖವನ್ನು ಇಷ್ಟು ವರ್ಷವೂ ಕನ್ನಡಿಯಲ್ಲೇ ನೋಡಿದವರು. ಬಯಲಲ್ಲಿ ಸಿಕ್ಕರೆ ನನ್ನ ಬೈತಲೆ ಅವರ ಲೆಕ್ಕದಲ್ಲಿ ತಪ್ಪು ಕಡೆಗೆ ಇರುತ್ತದೆ. ಬೈತಲೆ ಎಂದದ್ದು ನನ್ನ ಮರ್ಯಾದೆಗೆ. ಈಗ ಅಲ್ಲಿರುವುದು ಎರಡು ಪಂಗಡಗಳ ನಡುವಿನ ಮೈದಾನ.

ಅವರ ಅಂಗಡಿ ಎರಡು ಕುರ್ಚಿಯದು. ಕುರ್ಚಿಗಳ ಮುಂದೆ ಗೋಡೆಯಗಲದ ಕನ್ನಡಿ, ಪಕ್ಕದ ಗೋಡೆಗೆ ಕಾಯುವವರ ಬೆಂಚು. ಹಿಂದಿನ ಗೋಡೆಯ ಮೇಲೆ ದಪ್ಪ ಬೆನ್ನಿನ ಹಳೆಯ ಟಿವಿ, ಅದರ ಕೆಳಗೆ ಹಲಗೆಯ ಮೇಲೊಂದು ವಿಡಿಯೋ ಗೇಮ್ ಪೆಟ್ಟಿಗೆ. ಮಕ್ಕಳಿಗೆಂದು ಮನೆಗೆ ತಂದದ್ದು. ಮಕ್ಕಳು ಬೆಳೆದು ಅದನ್ನು ಬಿಟ್ಟರು, ದೊಡ್ಡಣ್ಣ ಬಿಡಲಿಲ್ಲ. "ಈ ಮನೇಲಿ ಒಂದೋ ಅದು ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ಅವರ ಹೆಂಡತಿ ಹೇಳಿದ ಮೇಲೆ ಪೆಟ್ಟಿಗೆ ಅಂಗಡಿಗೆ ಬಂತು. ಆಕೆಯನ್ನು ದೊಡ್ಡಣ್ಣನ ತಮ್ಮ ಅತ್ತಿಗೆ ಎನ್ನುತ್ತಾನೆ, ಹಾಗಾಗಿ ಬೀದಿಗೆಲ್ಲ ಆಕೆ ಅತ್ತಿಗೆ.

ಪೆಟ್ಟಿಗೆಯಲ್ಲಿ ಇರುವುದು ಒಂದೇ ಆಟ, ಕಾರ್ ರೇಸು. ಕಾರು ಎಂದರೆ ಒಂದು ಕೆಂಪು ಇಟ್ಟಿಗೆ, ಒಂದು ನೀಲಿ ಇಟ್ಟಿಗೆ. ಮರ ಎಂದರೆ ಕಡ್ಡಿಗೆ ಚುಚ್ಚಿದ ಹಸಿರು ಚೌಕ. ಬೆಂಚಿನ ಮೇಲೆ ಕಾಯುವವರು ಕತ್ತು ತಿರುಗಿಸಿಕೊಂಡು ಆಡುತ್ತಾರೆ. ಕುರ್ಚಿಯಲ್ಲಿ ಕೂತವನು ಅದನ್ನು ಕನ್ನಡಿಯಲ್ಲಿ ನೋಡುತ್ತಾನೆ. ಅವನ ಹಿಂದೆ ನಿಂತ ದೊಡ್ಡಣ್ಣನೂ ಕನ್ನಡಿಯಲ್ಲೇ ನೋಡುತ್ತ ಕತ್ತರಿ ಆಡಿಸುತ್ತಾರೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಖಾಲಿ ಕುರ್ಚಿಗೆ ತಾವೇ ಒರಗಿ, ಕಂಟ್ರೋಲರಿನ ವೈರನ್ನು ಭುಜದ ಮೇಲಿಂದ ಎಳೆದುಕೊಂಡು, ಬೆಂಚಿನವರಲ್ಲಿ ಯಾರಾದರೊಬ್ಬರನ್ನು "ಬರ್ತೀರಾ ಒಂದು ಕೈ?" ಎಂದು ಕರೆಯುತ್ತಾರೆ. ದಿನವಿಡೀ ನಿಲ್ಲುವ ಕಾಲಿಗೆ ಆ ಕುರ್ಚಿಗಿಂತ ದೊಡ್ಡ ಸುಖವಿಲ್ಲ. ಹಾಗೆ ಕರೆಸಿಕೊಂಡು ಗೆದ್ದವರು ಬೀದಿಯಲ್ಲಿ ಯಾರೂ ಇರಲಿಲ್ಲ. ನಾನಂತೂ ಸೋತು ಸೋತು, ಸೋಲುವುದೇ ನನ್ನ ಆಟದ ಶೈಲಿ ಎಂದು ಹೇಳಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ.

ಹೀಗಿರುವಾಗ ದೊಡ್ಡಣ್ಣನ ತಮ್ಮ ಎದುರುಗಡೆಯೇ ತನ್ನದೊಂದು ಕ್ಷೌರದಂಗಡಿ ತೆರೆದ. ಅಣ್ಣನ ಕೈಯಲ್ಲೇ ಕತ್ತರಿ ಹಿಡಿಯಲು ಕಲಿತು, ಹೊರಗೆಲ್ಲೋ ದುಡಿದು, ದಪ್ಪ ಕಟ್ಟಿನ ಕನ್ನಡಕವನ್ನೂ ನುಣುಪಾದ ಮಾತನ್ನೂ ಸಂಪಾದಿಸಿಕೊಂಡು ಬಂದಿದ್ದ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಮುಳುಗಿದರೆ ಏಳಲಾಗದ ಸೋಫಾ. ಕಲಿತ ಅಂಗಡಿಯ ಏರ್ಪಾಟೇ ಇಲ್ಲೂ ಇತ್ತು, ಮುಂದೆ ಕನ್ನಡಿ, ಹಿಂದೆ ಟಿವಿ. ಆದರೆ ಟಿವಿ ಬಾಗಿಲನ್ನು ಅಡ್ಡ ಮಲಗಿಸಿದಷ್ಟು ದೊಡ್ಡದು. ಕೆಳಗೆ ಹೊಚ್ಚಹೊಸ ಗೇಮ್ ಪೆಟ್ಟಿಗೆ.

ಅಂಗಡಿ ತೆರೆದ ದಿನ ನಾವೆಲ್ಲ ಸೋಫಾದಲ್ಲಿ ಮುಳುಗಿದ್ದೆವು.

"ಅಣ್ಣಾ, ಇದು ಫೋರ್‌ಕೆ" ಎಂದ ತಮ್ಮ. "ರೆಸಲ್ಯೂಷನ್ ಎಷ್ಟು ಗೊತ್ತಾ? ಆ ಪರದೆ ಮೇಲೆ ಎಂಬತ್ತು ಲಕ್ಷಕ್ಕಿಂತ ಜಾಸ್ತಿ ಚುಕ್ಕಿ ಇದೆ."

"ಎಣಿಸಿದ್ದು ಯಾರೋ?" ಎಂದರು ದೊಡ್ಡಣ್ಣ.

ಎಲ್ಲರೂ ನಕ್ಕರು. ತಮ್ಮನೂ ನಕ್ಕು ಯಂತ್ರ ಹಚ್ಚಿದ. ಅದು ಮೊದಲೇ ಒಂದು ಪ್ರಶ್ನೆ ಕೇಳಿತು, ಚಿತ್ರದ ಅಂದ ಮುಖ್ಯವೋ, ಓಟದ ಚುರುಕು ಮುಖ್ಯವೋ ಎಂದು.

"ಎರಡೂ ಒಟ್ಟಿಗೆ ಕೊಡಲ್ವಾ, ಇಷ್ಟು ದೊಡ್ಡ ಯಂತ್ರ?"

"ಅದಕ್ಕೂ ಒಂದು ತಾಕತ್ತು ಅಂತಿರುತ್ತಲ್ಲಣ್ಣ. ಪೂರ್ತಿ ಚುಕ್ಕಿ ಬರ್ಕೊಂಡು ಕೂತ್ರೆ ಸೆಕೆಂಡಿಗೆ ಮೂವತ್ತು ಚಿತ್ರ ಬರುತ್ತೆ. ಚುಕ್ಕಿ ಕಮ್ಮಿ ಮಾಡಿದ್ರೆ ಅರವತ್ತು ಬರುತ್ತೆ. ಆದ್ರೆ ಅಂದ ಬಿಟ್ಕೊಡೋಕಾಗುತ್ತಾ?" ಎಂದು ಅವನು ಅಂದವನ್ನೇ ಒತ್ತಿದ.

ನಿಜಕ್ಕೂ ಅಂದವಾಗಿತ್ತು. ಮರಕ್ಕೆ ಎಲೆ, ಎಲೆಗೆ ನರ, ನರದ ಮೇಲೆ ಧೂಳು. ಪರದೆಯನ್ನು ಅಡ್ಡಕ್ಕೆ ಎರಡು ಪಾಲು ಮಾಡಿ, ಮೇಲಿನ ಪಾಲಿನಲ್ಲಿ ಅಣ್ಣನ ಕೆಂಪು ಕಾರು, ಕೆಳಗಿನದರಲ್ಲಿ ತಮ್ಮನ ನೀಲಿ ಕಾರು. ನಾವು ಉಸಿರು ಹಿಡಿದು ಕೂತೆವು, ಬೀದಿಯ ಹುಲಿ ಹೊಸ ಕಾಡಿಗೆ ಬಂದಿದೆಯಲ್ಲ ಎಂದು.

ಹುಲಿ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು. ರಸ್ತೆ ಎಡಕ್ಕೆ ತಿರುಗಿದರೆ ದೊಡ್ಡಣ್ಣನ ಕಾರು ಬಲಕ್ಕೆ ಹೋಯಿತು. ರಸ್ತೆ ಬಲಕ್ಕೆ ತಿರುಗಿದರೆ ಎಡಕ್ಕೆ ನುಗ್ಗಿತು. ಒಂದು ಸಲ ಹಿಂದುಮುಂದಾಗಿ ನಿಂತು, ಬಂದ ದಾರಿಯಲ್ಲೇ ಓಡತೊಡಗಿತು. ತಮ್ಮನು ಓಟ ಮುಗಿಸಿ ಕಂಟ್ರೋಲರ್ ಕೆಳಗಿಟ್ಟಾಗ ದೊಡ್ಡಣ್ಣ ಎಲೆಯ ನರ ಎಣಿಸುವಷ್ಟು ಹತ್ತಿರದಲ್ಲಿ, ಒಂದು ಮರಕ್ಕೆ ಅಂಟಿಕೊಂಡಿದ್ದರು.

"ದೊಡ್ಡಣ್ಣ, ಇಳಿದು ತಳ್ಳಿ!" ಎಂದ ಸೋಫಾದಲ್ಲಿದ್ದ ಟೈಲರ್.

ನಗು ಬೀದಿಯ ಕೊನೆಯವರೆಗೂ ಹೋಯಿತು. ನಗುವಿನ ಹಿಂದೆಯೇ ಗಿರಾಕಿಗಳೂ ಹೋದರು. ಟೈಲರ್, ಬಸ್ ಡ್ರೈವರ್, ಹಾಲಿನಂಗಡಿಯವರು, ಒಬ್ಬೊಬ್ಬರೇ ಎದುರುಗಡೆಯ ಸೋಫಾಕ್ಕೆ ಬಿದ್ದರು. ತಮ್ಮ ಕೆಟ್ಟವನಲ್ಲ. ಅಣ್ಣನ ಖಾಲಿ ಬೆಂಚು ನೋಡಲಾರದೆ ಒಂದು ದಿನ ಬೀದಿ ದಾಟಿ ಬಂದ.

"ಅಣ್ಣಾ, ಈ ಶಟರ್ ಎಳೆದುಬಿಡು. ನನ್ನಲ್ಲಿ ಮೂಲೆ ಕುರ್ಚಿ ನಿನಗೆ. ಗಾಳಿ ತಣ್ಣಗಿರುತ್ತೆ."

ದೊಡ್ಡಣ್ಣ ಬಾಚಣಿಗೆಯ ಹಲ್ಲು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಈ ಕನ್ನಡಿಯನ್ನು ಗೋಡೆಗೆ ಕೂರಿಸಿದ್ದು ಅವರದೇ ಕೈ. ತಮ್ಮನಿಗೆ ಮೊದಲ ಕಟಿಂಗ್ ಕಲಿಸಿದ್ದೂ ಇದೇ ಕುರ್ಚಿಯಲ್ಲಿ. ಕಲಿಸಲು ತಲೆ ಕೊಟ್ಟವನು ನಾನು, ಅದರ ಗುರುತು ಇನ್ನೂ ಇದೆ.

"ಇನ್ನೊಂದು ರೇಸ್ ಆಡೋಣ" ಎಂದರು ಕೊನೆಗೆ. "ಭಾನುವಾರ. ನಿನ್ನ ಅಂಗಡೀಲೇ, ನಿನ್ನ ಯಂತ್ರದಲ್ಲೇ. ಸೋತ್ರೆ ನಾನೇ ಶಟರ್ ಎಳೀತೀನಿ. ಗೆದ್ರೆ ಈ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರ್ದು."

"ಬೇಡಣ್ಣ..."

"ಹೆದರಿಕೆನಾ?"

ತಮ್ಮಂದಿರ ಮೇಲೆ ಈ ಮಾತು ಯಾವ ವಯಸ್ಸಿನಲ್ಲೂ ಕೆಲಸ ಮಾಡುತ್ತದೆ. ಅವನು ಒಪ್ಪಿ ಹೋದ.

ಮರುದಿನ ದೊಡ್ಡಣ್ಣ ನನ್ನನ್ನು ಕರೆದು, "ನೀವೊಂದ್ಸಲ ಅಲ್ಲಿ ತಲೆ ಕೊಟ್ಟು ಬನ್ನಿ. ಅವನು ಹೇಗೆ ಆಡ್ತಾನೆ ನೋಡ್ಕೊಂಡು ಬನ್ನಿ" ಎಂದರು. ಬೇಹುಗಾರನಾಗುವ ಯೋಗ ಜೀವನದಲ್ಲಿ ಮೊದಲ ಸಲ ಬಂದಿತ್ತು. ಹೋದೆ. ತಮ್ಮನ ಕುರ್ಚಿಯಲ್ಲಿ ಕೂತೆ. ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ, ಎಲ್ಲ ಕ್ಷೌರಿಕರೂ ಮಾಡುವ ಹಾಗೆ, ನನ್ನ ಕನ್ನಡಕ ತೆಗೆದು ಪಕ್ಕಕ್ಕಿಟ್ಟ. ಅಲ್ಲಿಗೆ ಬೇಹುಗಾರಿಕೆ ಮುಗಿಯಿತು. ಕೆಲಸಗಾರನೊಬ್ಬನಿಗೆ ಕತ್ತರಿ ಕೊಟ್ಟು ಅವನು ಟೈಲರ್ ಜೊತೆ ಆಟಕ್ಕೆ ಕೂತನಂತೆ, ಗೆದ್ದನಂತೆ. ನನಗೆ ಕನ್ನಡಿಯಲ್ಲಿ ಕಂಡದ್ದು ಒದ್ದೆ ಗೋಡೆಯಂಥ ಒಂದು ಮಂಕು.

ವಾಪಸು ಬಂದಾಗ ಅತ್ತಿಗೆ ಒಗೆದ ಟವೆಲ್ಲುಗಳ ಕಟ್ಟು ಹಿಡಿದು ಅಂಗಡಿಗೆ ಬಂದಿದ್ದರು.

"ಏನ್ ಕಂಡ್ರಿ?" ಎಂದರು ದೊಡ್ಡಣ್ಣ.

"ಏನೂ ಕಾಣ್ಲಿಲ್ಲ. ಎಲ್ಲಾ ಕಲಸಿಟ್ಟ ಹಾಗಿತ್ತು."

"ಇಲ್ಲಿ ಕನ್ನಡಕ ತೆಗೆದ್ರೆ ಕಾಣುತ್ತಲ್ಲ?"

ಹೌದಲ್ಲ! ಆ ಕುರ್ಚಿಯಲ್ಲಿ ಕನ್ನಡಕವಿಲ್ಲದೆ ಕೂತು ಎಷ್ಟೋ ರೇಸು ನೋಡಿದ್ದೇನೆ. ಇಟ್ಟಿಗೆಯಷ್ಟು ದಪ್ಪ ಚುಕ್ಕಿಗೆ ಕನ್ನಡಕ ಬೇಡ. ಎಲೆಯ ನರಕ್ಕೆ ಬೇಕು. ದೊಡ್ಡಣ್ಣನ ಮುಖ ಸ್ವಲ್ಪ ಅರಳಿತು, ಆದರೆ ಕೂಡಲೇ ಬಾಡಿತು. "ಅದೆಲ್ಲಾ ಸರಿ. ಭಾನುವಾರ ಆಡ್ಬೇಕಾದೋನು ನಾನು. ಆ ಹೊಸ ಯಂತ್ರ ನನ್ನ ಕೈಗೆ ಬಗ್ಗಲ್ಲ."

ಅತ್ತಿಗೆ ಟವೆಲ್ ಮಡಚುತ್ತಲೇ ಕೇಳಿದರು. "ಅಲ್ಲಾ ರೀ, ನೀವು ಯಾವತ್ತಾದ್ರೂ ಟಿವಿ ಕಡೆ ಮುಖ ಮಾಡಿ ಆಡಿದ್ದೀರಾ?"

ದೊಡ್ಡಣ್ಣ ನನ್ನನ್ನು ನೋಡಿದರು. ನಾನು ಕನ್ನಡಿಯನ್ನು ನೋಡಿದೆ. ಇಷ್ಟು ವರ್ಷ ಅವರ ಕೈಯಲ್ಲಿ ಸೋತ ನಾವು ಯಾರೂ, ಗೆದ್ದ ಅವರೂ, ಇದನ್ನು ಗಮನಿಸಿರಲಿಲ್ಲ. ಅವರು ಆಟ ಕಲಿತದ್ದೇ ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ.

ದೊಡ್ಡಣ್ಣ ಎದ್ದು, ಹಳೆಯ ಟಿವಿಯ ಎದುರು ನೆಟ್ಟಗೆ ನಿಂತು ಕಂಟ್ರೋಲರ್ ಹಿಡಿದರು. ಮೊದಲ ತಿರುವು. ಕೆಂಪು ಇಟ್ಟಿಗೆ ಉಲ್ಟಾ ಕಡೆಗೆ ತಿರುಗಿ ಗೋಡೆಗೆ ಬಡಿಯಿತು.

"ಗುದ್ದಿತು!" ಎಂದು ಕೂಗಿದರು. ಗೋಡೆಗೆ ಗುದ್ದಿ ಅಷ್ಟು ಖುಷಿಪಟ್ಟ ಡ್ರೈವರನ್ನು ನಾನು ಕಂಡಿಲ್ಲ. "ಇಲ್ಲೂ ಗುದ್ದಿತು ಕಣೇ!"

"ಕೇಳಿಸ್ತು ಬಿಡಿ" ಎಂದರು ಅತ್ತಿಗೆ. "ಬೀದಿಗೆಲ್ಲಾ ಹೇಳ್ಬೇಡಿ."

ಭಾನುವಾರ ತಮ್ಮನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಣ್ಣ ಬಂದವರೇ ಸೋಫಾದ ಕಡೆ ತಿರುಗಿಯೂ ನೋಡದೆ, ನಡುವಿನ ಕುರ್ಚಿಯಲ್ಲಿ ಕನ್ನಡಿಗೆ ಮುಖ ಮಾಡಿ, ಟಿವಿಗೆ ಬೆನ್ನು ಹಾಕಿ ಕೂತರು.

"ದೊಡ್ಡಣ್ಣ, ಕಟಿಂಗೋ ಶೇವಿಂಗೋ?" ಎಂದ ಟೈಲರ್.

"ಇವತ್ತು ನಿಮ್ಮೆಲ್ಲರ ತಲೆ ಬೋಳಿಸೋದಿದೆ, ಸುಮ್ನಿರಪ್ಪ" ಎಂದರು. ಆಮೇಲೆ ತಮ್ಮನಿಗೆ, "ಆವತ್ತು ಅದು ಕೇಳ್ತಲ್ಲ, ಅಂದನೋ ಚುರುಕೋ ಅಂತ? ಚುರುಕು ಒತ್ತು."

"ಚುಕ್ಕಿ ಕಮ್ಮಿಯಾಗಿ ಚಿತ್ರ ಮಂಕಾಗುತ್ತಣ್ಣ."

"ಆಗ್ಲಿ. ನಂಗೆ ಎಲೆ ಬೇಡ, ರಸ್ತೆ ಸಾಕು."

ತಮ್ಮ ಒತ್ತಿದ. ಅವನು ಟಿವಿಗೆ ಮುಖ ಮಾಡಿ ಕುರ್ಚಿಯ ಪಕ್ಕದಲ್ಲೇ ನಿಂತ. ಅಣ್ಣ ಆ ದಿಕ್ಕಿಗೆ, ತಮ್ಮ ಈ ದಿಕ್ಕಿಗೆ, ಭುಜಕ್ಕೆ ಭುಜ. ಓಟ ಶುರುವಾಯಿತು.

ಮೊದಲ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದೆ. ಗುದ್ದಿದ ಸದ್ದು ಬರಲಿಲ್ಲ. ತೆರೆದು ನೋಡಿದರೆ ಕೆಂಪು ಕಾರು ರಸ್ತೆಯ ಅಂಚನ್ನು ಸವರಿಕೊಂಡು, ಕಿವಿಯ ಸುತ್ತ ಕತ್ತರಿ ಹೋಗುವ ಹಾಗೆ, ನಯವಾಗಿ ತಿರುಗುತ್ತಿತ್ತು. ತಮ್ಮ ಸುಮ್ಮನೆ ಬಿಡುವವನಲ್ಲ. ಎರಡನೆಯ ಸುತ್ತಿನಲ್ಲಿ ನೀಲಿ ಮುಂದಾಯಿತು. ಮೂರನೆಯದೇ ಕೊನೆಯ ಸುತ್ತು. ಕೊನೆಯ ತಿರುವಿಗೆ ಎರಡೂ ಕಾರು ಒಟ್ಟಿಗೆ ಬಂದವು.

ಟಿವಿ ನೋಡುತ್ತಿದ್ದವರು "ಬಲಕ್ಕೆ! ಬಲಕ್ಕೆ!" ಎಂದು ಕೂಗಿದರು. ಕನ್ನಡಿ ನೋಡುತ್ತಿದ್ದವರು "ಎಡಕ್ಕೆ! ಎಡಕ್ಕೆ!" ಎಂದರು. ನಾನು ಎರಡನ್ನೂ ನೋಡಿ ಎರಡನ್ನೂ ಕೂಗಿದೆ. ತಮ್ಮ ಒಂದು ಸಲ, ಒಂದೇ ಒಂದು ಸಲ, ಈ ಗದ್ದಲಕ್ಕೆ ಕತ್ತು ತಿರುಗಿಸಿದ. ದೊಡ್ಡಣ್ಣನ ಕತ್ತು ಅಲುಗಲಿಲ್ಲ. ಕುರ್ಚಿಯಲ್ಲಿ ಕತ್ತು ಅಲುಗಿಸಬಾರದೆಂದು ಜೀವಮಾನವಿಡೀ ಊರಿಗೆ ಹೇಳಿಕೊಟ್ಟವರಲ್ಲವೇ ಅವರು! ಕೆಂಪು ಕಾರು ತಿರುವಿನ ಒಳಗಿನಿಂದ ನುಗ್ಗಿ, ಒಂದು ಮೂತಿಯಷ್ಟು ಮುಂದಾಗಿ, ಗೆರೆ ದಾಟಿತು.

ಗಾಜಿನ ಬಾಗಿಲು ನಡುಗುವಷ್ಟು ಕೂಗು ಎದ್ದಿತು. ಟೈಲರ್ ಕುರ್ಚಿಯನ್ನು ಹಿಡಿದು ಗಿರ್ರನೆ ಸುತ್ತಿಸಿದ. ದೊಡ್ಡಣ್ಣ ಕೈಯೆತ್ತಿ ಕೂತು ಸುತ್ತಿದರು. ಪ್ರತಿ ಸುತ್ತಿಗೂ ಬೀದಿಯ ಜನರೆಲ್ಲ ಅವರಿಗೆ ಒಮ್ಮೆ ಕನ್ನಡಿಯಲ್ಲಿ ಕಂಡರು, ಒಮ್ಮೆ ಎದುರಿಗೆ ಕಂಡರು. ಎರಡೂ ಕಡೆ ಎಲ್ಲರೂ ಹಲ್ಲು ಬಿಟ್ಟಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು, "ಸಾಕು ನಿಲ್ಸಿ, ತಲೆ ತಿರುಗೀತು ಅವರಿಗೆ" ಎಂದರು. ಆದರೆ ಹೇಳುವಾಗ ಆಕೆಯೂ ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ದೊಡ್ಡಣ್ಣನ ಬೆಂಚು ತುಂಬಿತ್ತು. ಕನ್ನಡಕದವರೆಲ್ಲ ವಾಪಸು ಬಂದಿದ್ದರು. ಎದುರುಗಡೆ ಕುರ್ಚಿಯಲ್ಲಿ ಕೂತಾಗ ಆಟವೇ ಕಾಣುವುದಿಲ್ಲ ಎಂದು ಒಬ್ಬೊಬ್ಬರೂ ಈಗ ಬಾಯಿಬಿಟ್ಟರು. ಅಷ್ಟು ಚೆಂದದ ಚಿತ್ರ ಕಾಣಲಿಲ್ಲ ಎನ್ನಲು ಇಷ್ಟು ದಿನ ಸಂಕೋಚವಂತೆ.

ಆ ಹೊತ್ತಿಗೆ ತಮ್ಮ ಬೀದಿ ದಾಟಿ ಬಂದ. ಬಂದವನೇ ಕುರ್ಚಿಯಲ್ಲಿ ಕೂತ. ದೊಡ್ಡಣ್ಣ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿ, ದಪ್ಪ ಕಟ್ಟಿನ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕತ್ತರಿ ಎತ್ತಿಕೊಂಡರು. ಹಿಂದೆ ಟಿವಿಯಲ್ಲಿ ಬೆಂಚಿನವರ ರೇಸು ನಡೆಯುತ್ತಿತ್ತು.

ಆಮೇಲೆ ತಮ್ಮ ಕನ್ನಡಿಯನ್ನೇ ನೋಡುತ್ತ, "ಅಣ್ಣಾ, ಕೆಂಪು ಮುಂದಿದೆ" ಎಂದ.

"ಕಾಣ್ತಾ ಇದೆಯಾ?"

"ಚೆನ್ನಾಗಿ ಕಾಣ್ತಾ ಇದೆ."

"ಎಷ್ಟು ಚುಕ್ಕಿ ಇದೆಯೋ?"

"ಎಣಿಸ್ಬಹುದಣ್ಣ" ಎಂದ ತಮ್ಮ. ಇಬ್ಬರೂ ಒಟ್ಟಿಗೆ ನಕ್ಕರು. ಮೊದಲ ಸಲ ದೊಡ್ಡಣ್ಣನೇ ಕತ್ತರಿ ನಿಲ್ಲಿಸಿ, ನಗು ಮುಗಿಯುವವರೆಗೆ ಕಾದರು.

"ಆ ನೀಲಿ ಯಾರದಣ್ಣ? ಪಾಪ, ಮರಕ್ಕೆ ಅಂಟ್ಕೊಂಡಿದೆ."

ನೀಲಿ ನನ್ನದು.